ಉಜ್ಜಿದ್ದು ಒಂದನ್ನೇ

…ಬೇಡ ಕಣೇ, ನೀನು ಏಳ್ಬೇಡ, ಅಲ್ಲೇ ಕೂತಿರು. ಮೆಷೀನಿನ ಹಿಂದಿನ ತಗಡು ಬಿಚ್ಚಿ ನೋಡ್ತೀನಿ, ಅಷ್ಟೆ. ಪ್ಲಗ್ಗು ಕಿತ್ತಿದೀನಿ, ಕರೆಂಟಿಲ್ಲ. ನಾಳೆ ಕರೆಂಟಿನ ಇನ್‌ಸ್ಪೆಕ್ಟರುಗಳು ಬಂದು ಬಿಚ್ಚೋಕೆ ಮುಂಚೆ ಮನೆಯವರು ಅಂತ ಒಬ್ಬರು ನೋಡಿರ್ಬೇಕಲ್ವಾ? ಯಾಕೆ ನಗ್ತೀಯಾ? ಹೌದಮ್ಮಾ, ಗೊತ್ತು. ಅಣ್ಣ ಹದಿನಾರು ವರ್ಷದಿಂದ ಫ್ಯಾಕ್ಟರೀಲಿ ಬಟ್ಟೆ ಒಗೆಯೋ ಮೆಷೀನು ಶಾಕ್ ಹೊಡೆಯುತ್ತಾ ಅಂತ ಪರೀಕ್ಷೆ ಮಾಡೋನು. ತಂಗಿ ಗಂಡ ಒದ್ದೆ ಕೈಲಿ ಅದೇ ಮೆಷೀನು ಮುಟ್ಟಿ ಹೋಗ್ಬಿಟ್ಟ. ನಗು. ನಕ್ಕುಬಿಡು.

ನಾನು ಹೇಳೋದು ಪ್ಲಗ್ಗಿನ ವಿಷಯ. ಅದನ್ನ ಭಾವನೇ ಬದಲಾಯಿಸಿದ್ದಲ್ವಾ? ಅಯ್ಯೋ, ಹಾಗಲ್ಲ! ಸತ್ತೋರ ತಲೆಗೆ ಕಟ್ತಿಲ್ಲ ಕಣೇ. ಬಂಗಾರದಂಥ ಮನುಷ್ಯ. ಆದ್ರೆ ಎಲ್ಲಾ ಕೆಲಸಾನೂ ತಾನೇ ಮಾಡ್ಕೋತಿದ್ದ… ನಾಳೆ ಅವರು ಕೇಳಿದ್ರೆ ಅಷ್ಟು ಹೇಳು, ಸಾಕು.

ನನ್ನ ಜೇಬನ್ನ ಯಾಕೆ ಹಾಗೆ ನೋಡ್ತಿದೀಯಾ? ಸ್ಯಾಂಡ್ ಪೇಪರು. ತುಕ್ಕಿದ್ರೆ ಉಜ್ಜೋಣ ಅಂತ… ಆರು ತಿಂಗಳ ಮೆಷೀನಿಗೆ ಎಲ್ಲಿಂದ ತುಕ್ಕು ಅಂತೀಯಾ. ಹೂಂ. ಸರಿ, ನೋಡು. ಈ ಹಸಿರು ವೈರು ಇದೆಯಲ್ಲ, ಅರ್ಥ್. ಒಳಗೆ ಕರೆಂಟು ಸೋರಿದ್ರೆ ಮನುಷ್ಯನ ಮೈಗೆ ಬರದೆ ಇದರಲ್ಲಿ ಹರಿದು ನೆಲಕ್ಕೆ ಹೋಗ್ಬೇಕು. ಇದರ ಸ್ಕ್ರೂ ಬರೀ ತಗಡಿನ ಮೇಲೆ ಕೂರ್ಬೇಕು. ಇಲ್ಲಿ ಪೇಂಟಿನ ಮೇಲೆ ಕೂತಿದೆ. ಪೇಂಟಲ್ಲಿ ಕರೆಂಟು ಹರಿಯಲ್ಲ. ಇದರ ಜೊತೆ ಒಂದೇ ಲಾಟಲ್ಲಿ ತಯಾರಾದ ಇನ್ನೂರು ಮೆಷೀನೂ ಹಿಂಗೇ ಬಂದಿದ್ವಂತೆ. ಪರೀಕ್ಷೆಗೆ ಅಂತ ಒಂದನ್ನ ಎಳ್ಕೊಂಡವನು, ಮೀಟರಿನ ಮುಳ್ಳು ಅಲ್ಲಾಡ್ಲಿಲ್ಲ ಅಂತ ಸ್ಕ್ರೂ ಕೆಳಗಿನ ಪೇಂಟು ಉಜ್ಜಿ, ಬಿಗಿ ಮಾಡಿ, ಪಾಸು ಅಂತ ಬರೆದನಂತೆ. ಇನ್ನೂರಕ್ಕೂ! ಗೇಟಲ್ಲಿ ಲಾರಿ ನಿಂತಿತ್ತು, ಮ್ಯಾನೇಜರು ತಲೆ ತಿಂತಿದ್ರು. ಉಳಿದವನ್ನ ಯಾರಾದ್ರೂ ಉಜ್ತಾರೆ ಅಂದ್ಕೊಂಡೆ… ಅಂದ್ಕೊಂಡನಂತೆ. ಯಾವನೋ ಹೊಸಬ.

ಆ ಪಾಸ್ ಸ್ಟಿಕ್ಕರಿನ ಸಹಿ ಮೇಲಿಂದ ಬೆರಳು ತೆಗಿ. ತೆಗಿಯೇ! …ನಿನ್ನ ಮಾರ್ಕ್ಸ್ ಕಾರ್ಡಿಗೆಲ್ಲಾ ಅಪ್ಪನ ಬದಲು ಸಹಿ ಹಾಕಿದ ಕೈ ಅಲ್ವಾ, ನಿನಗೆ ಗುರುತು ಸಿಗದೆ ಇರುತ್ತಾ. ನಂದೇ. ನಾನೇ ಕಣೇ ಹಾಕಿದ್ದು.

ಕೆಲಸ ಹೋದ್ರೆ ಹೋಗ್ಲಿ, ಜೈಲಾಗುತ್ತೆ ಪುಟ್ಟೀ! ಎರಡೇ ನಿಮಿಷ. ಇಲ್ಲಿ ಉಜ್ಜಿಬಿಟ್ರೆ ತಪ್ಪು ಭಾವ ಹಾಕಿದ ಪ್ಲಗ್ಗಿಗೆ ಹೋಗುತ್ತೆ. ಸತ್ತೋನಿಗೆ ಇನ್ನೇನಾಗ್ಬೇಕು ಹೇಳು? ನೀನು ಸುಮ್ನೆ ಆ ಕಡೆ ತಿರುಗು… ತಿರುಗು ಅಂದ್ನಲ್ಲ! ಗೊತ್ತು, ಇಂಥವು ಇನ್ನೂ ನೂರಾ ತೊಂಬತ್ತೆಂಟು ಮನೇಲಿವೆ. ನನಗೇನು ನಿದ್ದೆ ಬರ್ತಿದೆ ಅಂದ್ಕೊಂಡ್ಯಾ?

ಬೈಯಿ, ಚಪ್ಪಲೀಲಿ ಹೊಡಿ, ಏನಾದ್ರೂ ಮಾಡು. ಹಾಗೆ ನೋಡ್ಬೇಡ… ಉಜ್ಜಿದ್ದು ಒಂದು, ಇಲ್ಲಿರೋದು ಒಂದು. ಆ ಉಜ್ಜಿದ್ದು ಎಲ್ಲಿ ಹೋಯ್ತು ಅಂತ ತಾನೇ?

ಕೆಲಸದವರಿಗೆ ಕಡಿಮೆ ಬೆಲೆಗೆ ಸಿಗುತ್ತೆ ಅಂತ ಅವತ್ತು ಎರಡು ತಗೊಂಡೆ. ಒಂದು ನಿಮಗೆ. ಇನ್ನೊಂದು… ನಂಬರು ನೋಡಿ, ನಾನೇ ಹುಡುಕಿ ಎತ್ತಿಟ್ಟಿದ್ದೆ. ನಿನ್ನ ಅತ್ತಿಗೆ ದಿನಾ ಅದರಲ್ಲೇ ಒಗೀತಾಳೆ.

ಒದ್ದೆ ಕೈಲಿ ಮುಟ್ತಾಳೆ ಕಣೇ. ಏನೂ ಆಗಲ್ಲ.