ತಮ್ಮನ ತಲೆಗೊಂದು ಕಾಯಿ

ತಿಪಟೂರಿನಲ್ಲಿ ಬಸ್ಸು ಹತ್ತಿದ ದಾನೇಶ್ವರಿ ಕಣ್ಣು ಮುಚ್ಚಿದ್ದಳಷ್ಟೆ. ಮುಂದಿನ ಸೀಟಿನ ಇಬ್ಬರು ಹೆಂಗಸರ ಬಾಯಿ ನಿದ್ದೆ ಮಾಡಗೊಡಬೇಕಲ್ಲ.

“ಮೋಹನನ ಹೆಣ ಸಿಗ್ಲೇ ಇಲ್ವಂತಲ್ಲ ಅಂಕಮ್ಮಕ್ಕಾ?” ಚಿಕ್ಕವಳು ಕೇಳಿದಳು.

“ಎಲ್ಲಿ ಸಿಕ್ತದೆ ಕಣೇ! ವಿಮಾನ ಮೇಲೆದ್ದ ಐದೇ ನಿಮಿಷಕ್ಕೆ ಸಮುದ್ರಕ್ಕೆ ಬಿತ್ತು. ಹುಲ್ಲಿನ ಬೊಂಬೆ ಮಾಡಿ ಸುಟ್ರು.”

“ಬೊಂಬೆಗೆ ತಲೆ?”

“ತೆಂಗಿನಕಾಯಿ ಇಡ್ಬೇಕು ಅಂದ್ರು ಅಯ್ನೋರು. ಅಣ್ಣ ಅನ್ನಿಸ್ಕೊಂಡ ನಂಜುಂಡಪ್ಪ ಏನಂದ ಗೊತ್ತಾ? ‘ಅಟ್ಟದ ಕಾಯಿ ಮುಟ್ಬೇಡಿ, ಕೊಬ್ರಿಗೆ ಇಟ್ಟಿವ್ನಿ’ ಅಂದ!”

“ಅಟ್ಟದ ತುಂಬ ಕಾಯಿ ಐತಲ್ಲಕ್ಕಾ!”

“ಅರ್ಧ ಮೋಹನನ ಮರದ್ದೇ ಕಣೇ. ಕೊನೆಗೆ ಪಕ್ಕದ್ಮನೆಯಿಂದ ಇಸ್ಕೊಂಡ್ ಬಂದ್ರು.”

“ಥೂ! ಒಡಹುಟ್ಟಿದೋನ ತಲೆಗೆ ಒಂದು ಕಾಯಿ ಕೊಡ್ದಿರೋನು ಮನುಷ್ಯನಾ?”

“ಅವನ ಮನೇಲಿ ತೊಟ್ಟು ನೀರೂ ಕುಡೀಬಾರ್ದು ಬುಡು.”

ಹಿಂದೆ ಕೂತ ದಾನೇಶ್ವರಿಯೂ ಹೌದೆಂದು ತಲೆಯಾಡಿಸಿದಳು.

“ಬಿಳಿಗೆರೆ!” ಎಂದು ಕಂಡಕ್ಟರ್ ಕೂಗಿದ. ಇಬ್ಬರೂ ಸೆರಗು ಸರಿಮಾಡಿಕೊಂಡು ದಡಬಡನೆ ಎದ್ದರು.

“ಬೇಗ ಇಳಿಯೇ,” ಎಂದಳು ಅಂಕಮ್ಮ. “ಮೋಹನನ ತಿಥಿ ಊಟಕ್ಕೆ ನಂಜುಂಡಪ್ಪ ಎರಡು ಸಲ ಹೇಳವ್ನೆ. ಮೊದಲ್ನೇ ಪಂಕ್ತಿ ತಪ್ಪೋದ್ರೆ ಪಾಯಸ ಸಿಗಲ್ಲ.”