ಕೆಂಪಗೆ ಉರಿಯೋ ಕ್ಯಾಮೆರಾ

ಕ್ಯಾಮೆರಾ ಅಂಗಡಿಯಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಅಂಗಡಿಯವನು ಎರಡು ಡಬ್ಬಿ ಬಿಚ್ಚಿಟ್ಟ.

“ಎರಡೂ ಇನ್‌ಫ್ರಾರೆಡ್ಡೇ, ರಾತ್ರಿನೂ ಚಿತ್ರ ಹಿಡಿಯತ್ತೆ. ಇದು ಕತ್ತಲಲ್ಲಿ ಸಣ್ಣಗೆ ಕೆಂಪಗೆ ಉರಿಯತ್ತೆ. ಅದರ ಬೆಳಕು ಕಣ್ಣಿಗೇ ಕಾಣಲ್ಲ.”

“ಕಾಣದೇ ಇರೋದು ಕೊಡಿ,” ಅಂದ ಗಂಡ. “ಶೆಡ್ಡಲ್ಲಿದ್ದ ಮೋಟಾರು, ಡ್ರಿಲ್ಲು ಎಲ್ಲ ಹೋಯ್ತು. ಆ ಕಳ್ಳನ ಮುಖ ನೋಡಬೇಕು ನಾನು.”

“ಬೇಡ ರೀ, ಕೆಂಪಗೆ ಉರಿಯೋದೇ ಇರಲಿ.”

“ತಲೆ ಕೆಟ್ಟಿದ್ಯಾ ನಿಂಗೆ? ಅದನ್ನ ನೋಡಿದ್ರೆ ಅವನು ವಾಪಸ್ ಹೋಗ್ತಾನೆ.”

“ಹೋಗಲಿ ಅಂತಾನೇ ಹೇಳ್ತಿರೋದು.”

“ಕಳ್ಳನ ಮೇಲೆ ಎಲ್ಲಿಲ್ಲದ ಕರುಣೆ!”

ಹೆಂಡತಿ ದನಿ ತಗ್ಗಿಸಿದಳು. “ನಮ್ಮ ಗೇಟು ಎತ್ತಿ ತಳ್ಳದಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕಿರುಚತ್ತೆ. ಎರಡು ಸಲ ಕಳ್ಳತನ ಆಯ್ತು. ಒಂದು ಸಲನಾದ್ರೂ ಸದ್ದು ಕೇಳಿಸ್ತಾ?”

“ಎತ್ತಿ ತಳ್ಳಬೇಕು ಅಂತ ಹೊರಗಿನವರಿಗೆ ಹೇಗೆ...”



“ಮುಖ ಕಂಡಮೇಲೆ ಅತ್ತೆಗೆ ಏನಂತ ಹೇಳ್ತೀರಿ? ‘ಕಳ್ಳ ನಿಮ್ಮ ಚಿಕ್ಕ ಮಗನೇ’ ಅಂತಾನಾ?”

ಗಂಡ ಎರಡೂ ಡಬ್ಬಿಗಳನ್ನು ಹತ್ತಿರಕ್ಕೆ ಎಳೆದುಕೊಂಡ.

“ಯಾವುದು ಸಾರ್, ಪ್ಯಾಕ್ ಮಾಡ್ಲಾ?”

“ಆ ಕೆಂಪು ದೀಪ,” ಅಂದ ಗಂಡ, “ಗೇಟಿಗೆ ಕೈ ಹಾಕೋಕೆ ಮುಂಚೇನೇ ಅವನಿಗೆ ಕಾಣತ್ತೆ ತಾನೇ?”

“ಬೀದಿಯಿಂದಲೇ ಕಾಣತ್ತೆ ಸಾರ್.”

“ಹಾಗಾದ್ರೆ ಅದನ್ನೇ ಕೊಡಿ.”

ಡಬ್ಬಿಯನ್ನು ಹೆಂಡತಿಯೇ ಎತ್ತಿಕೊಂಡಳು. ಗಂಡ ಅಂಗಡಿಯ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದ.