ನಲವತ್ತೊಂದನ್ನೇ ಕೂಗಿದ ಸ್ಪೀಕರ್

ಆಸ್ಪತ್ರೆಯ ಹಜಾರದಲ್ಲಿ ಕಸ ಗುಡಿಸುವಾಕೆ ಸದ್ದಿಲ್ಲದೆ ಕುರ್ಚಿಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ರೋಗಿಗಳ ನಂಬರ್ ಕೂಗುವ ಸ್ಪೀಕರ್ ಬೆಳಗಿನಿಂದ ನಲವತ್ತೊಂದನ್ನೇ ಕೂಗಿ ಎಲ್ಲರ ತಲೆ ತಿಂದಿತ್ತು. ಅದನ್ನೀಗ ಗೋಡೆಯಿಂದ ಇಳಿಸಿಕೊಂಡು ಕಂಪನಿಯ ಇಬ್ಬರು ಇಂಜಿನಿಯರುಗಳು ಮೂಲೆಯಲ್ಲಿ ಕುಳಿತಿದ್ದರು. ಒಬ್ಬ ನರೆಗೂದಲಿನವ, ಇನ್ನೊಬ್ಬಳು ಅವನ ಕೈಕೆಳಗಿನವಳು.

“ಇಂಟರಪ್ಟ್ ಯಾಕಮ್ಮಾ ನಿಲ್ಲಿಸಿದೆ?”

“ನೀವೇ ಹೇಳಿದ್ರಲ್ಲ ಸರ್, ಬ್ಯಾಟರಿ ಉಳೀಲಿ ಅಂತ.”

“ಧ್ವನಿಯ ಒಂದು ತುಣುಕು ಮುಗೀತು, ಏಳು ಅಂತ ಪ್ರೊಸೆಸರನ್ನ ಎಬ್ಬಿಸೋದೇ ಅದು. ಎಬ್ಬಿಸದಿದ್ರೆ ಹೊಸ ಧ್ವನಿ ಯಾರು ತುಂಬ್ತಾರೆ, ನಿಮ್ಮಪ್ಪನಾ? ಸ್ಪೀಕರಿಗೆ ಧ್ವನಿ ಸಾಗಿಸೋ ಡಿಎಂಎ ಹಳೇದನ್ನೇ ಸುತ್ತಿಸ್ತಾ ಇರುತ್ತೆ.”

“ಅವತ್ತು ನಾನೂ ಇದನ್ನೇ ಹೇಳ್ದೆ. ತಲೆಹರಟೆ ಬೇಡ ಅಂದ್ರಿ.”

“ಸ್ಪೀಕರ್ ನಡೆಸೋ ಡ್ರೈವರ್ ಪ್ರೋಗ್ರಾಂ ಬರೆದೋಳು ನೀನು. ಉಪ್ಪು ತಿಂದೋರು ನೀರು ಕುಡೀಬೇಕು.”

“ಉಪ್ಪು ನೀವು ತಿಂದು, ನೀರು ನಾನು ಕುಡೀಬೇಕಾ?”

“ಬಾಯಿ ಜಾಸ್ತಿಯಾಯ್ತು. ತಪ್ಪು ನಿಂದೇ ಅಂತ ರಿಪೋರ್ಟ್ ಬರೆದಾಯ್ತು. ನಾಳೆಯಿಂದ ಬರೋದು ಬೇಡ.”

ಒರೆಸುವವಳ ಕೈ ಅಲ್ಲೇ ನಿಂತಿತು. ಅವನು ಬ್ಯಾಗನ್ನು ಹೆಗಲಿಗೇರಿಸಿ ಬಾಗಿಲು ದಾಟಿದ. ಕೈಕೆಳಗಿನವಳು ಬಿಚ್ಚಿದ ಸ್ಪೀಕರನ್ನು ಎದೆಗವಚಿಕೊಂಡು ಹಿಂದೆಯೇ ಓಡಿದಳು.

“ಸರ್, ಇಂಟರಪ್ಟ್ ನಿಲ್ಲಿಸು ಅಂದಿದ್ದು ನೀವು ಅಂತ ರಿಪೋರ್ಟಲ್ಲಿ ಒಂದು ಸಾಲು ಸೇರಿಸಿ.”